ಹಳೆಯ ಕಾರು, ಹೊಸ ಇಂಧನ

ಜರ್ಮನಿಯ ಎಂಜಿನಿಯರ್ ಕಾರ್ಲ್ ಬೆಂಜ್ ತಾನು ನಿರ್ಮಿಸಿದ ಮೂರು ಚಕ್ರದ ಮೋಟಾರು ಬಂಡಿಗೆ ಪೇಟೆಂಟು ಕೋರಿ 1886ರ ಜನವರಿ 29ರಂದು ಅರ್ಜಿ ಸಲ್ಲಿಸಿದನು. ಮೋಟಾರು ಕಾರಿನ ಇತಿಹಾಸವನ್ನು ಸಾಮಾನ್ಯವಾಗಿ ಆ ದಿನದಿಂದ ಎಣಿಸುವುದು ವಾಡಿಕೆ. ಅಂದಿನಿಂದ ಈಚೆಗೆ ಜಗತ್ತಿನ ಕಾರ್ಖಾನೆಗಳಿಂದ ಹೊರಬಂದ ಕಾರುಗಳಿಗೆ ಲೆಕ್ಕವಿಲ್ಲ. ಅಮೆರಿಕದ ಫೋರ್ಡ್ ಕಂಪೆನಿಯ ‘ಮಾಡೆಲ್ ಟಿ’ ಎಂಬ ಒಂದೇ ಮಾದರಿಯ ಕಾರು 1908ರಿಂದ 1927ರವರೆಗಿನ ಅವಧಿಯಲ್ಲಿ ಒಂದೂವರೆ ಕೋಟಿಯಷ್ಟು ತಯಾರಾಯಿತು. ಹೀಗೆ ಹುಟ್ಟಿದ ಕಾರುಗಳಲ್ಲಿ ಬಹುಪಾಲು ಕೆಲವು ವರ್ಷ ದುಡಿದು, ತುಕ್ಕು ಹಿಡಿದು, ಗುಜರಿ ಅಂಗಡಿಯನ್ನು ಸೇರಿ, ಕೊನೆಗೆ ಕುಲುಮೆಯಲ್ಲಿ ಕರಗಿಹೋದವು. ಯಾರದೋ ಪ್ರೀತಿಯಿಂದಲೋ ಯಾವುದೋ ಆಕಸ್ಮಿಕದಿಂದಲೋ ಉಳಿದುಕೊಂಡವು ಬಹಳ ಸ್ವಲ್ಪ. ಹಾಗೆ ಉಳಿದ ಕಾರುಗಳನ್ನು ಇಂದಿನ ಸಮಾಜ ಹೇಗೆ ನಡೆಸಿಕೊಳ್ಳಬೇಕು? ಅವುಗಳನ್ನು ಗಾಜಿನ ಗೋಡೆಯ ಹಿಂದೆ ನಿಲ್ಲಿಸಿ ನೋಡಬೇಕೆ, ಇಲ್ಲವೆ ರಸ್ತೆಯ ಮೇಲೆ ಓಡಿಸಬೇಕೆ? ಓಡಿಸುವುದಾದರೆ ಯಾವ ಇಂಧನದಿಂದ? ಈ ಪ್ರಶ್ನೆಗಳು ಮೇಲುನೋಟಕ್ಕೆ ಕೆಲವೇ ಹವ್ಯಾಸಿಗಳ ಚರ್ಚೆಯಂತೆ ಕಾಣುತ್ತವೆ. ಆದರೆ ಹಳೆಯದನ್ನು ಉಳಿಸುವ ಆಸೆಗೂ ಹೊಸ ಕಾಲದ ಅಗತ್ಯಕ್ಕೂ ತಿಕ್ಕಾಟ ಬಂದಾಗ ನ್ಯಾಯವಾದ ದಾರಿ ಯಾವುದು ಎಂಬ ದೊಡ್ಡ ಪ್ರಶ್ನೆ ಅವುಗಳಲ್ಲಿ ಅಡಗಿದೆ.

ಹಳೆಯ ಕಾರುಗಳನ್ನು ಕುರಿತು ಮಾತನಾಡುವಾಗ ‘ವಿಂಟೇಜ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಇದು ಮೂಲತಃ ದ್ರಾಕ್ಷಿಯ ಕೊಯ್ಲಿಗೂ ಆ ಕೊಯ್ಲಿನ ಮದ್ಯಕ್ಕೂ ಸಂಬಂಧಿಸಿದ ಶಬ್ದ. ಇಂಗ್ಲೆಂಡಿನ ಕಾರುಪ್ರಿಯರು 1919ರಿಂದ 1930ರವರೆಗೆ ತಯಾರಾದ ಕಾರುಗಳನ್ನು ಈ ಹೆಸರಿನಿಂದ ಕರೆದರು. ಭಾರತದಲ್ಲಿ ಈ ಮಾತಿಗೆ ಕಾನೂನಿನ ಅರ್ಥವೇ ಬೇರೆ. 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪವನ್ನು ಕಾಪಾಡಿಕೊಂಡು ಬಂದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಈ ವರ್ಗಕ್ಕೆ ಸೇರುತ್ತವೆ. ಅವುಗಳ ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದೆ. ಇಂಥ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ ಮತ್ತು ಇಂಧನ ತುಂಬಿಸುವ ಕಾರ್ಯಗಳಿಗಾಗಿ ಮಾತ್ರ ರಸ್ತೆಗೆ ತರಬಹುದು. ಹಳೆಯ ಕಾರು ರಸ್ತೆಯ ಮೇಲೆ ಬರುವುದು ತಪ್ಪಲ್ಲವೆಂದು ಈ ನಿಯಮ ಒಪ್ಪಿಕೊಂಡಿದೆ.

ಹಳೆಯ ಕಾರುಗಳನ್ನು ಉಳಿಸಿದ ಕೀರ್ತಿಯಲ್ಲಿ ಮೊದಲ ಪಾಲು ವಸ್ತುಸಂಗ್ರಹಾಲಯಗಳಿಗೆ ಸಲ್ಲಬೇಕು. ಇಂಗ್ಲೆಂಡಿನ ಬ್ಯೂಲಿ ಎಂಬ ಊರಿನಲ್ಲಿ ಲಾರ್ಡ್ ಮಾಂಟೆಗು 1952ರಲ್ಲಿ ತನ್ನ ತಂದೆಯ ನೆನಪಿಗಾಗಿ ಕೆಲವು ಹಳೆಯ ಕಾರುಗಳನ್ನು ಮನೆಯ ಹಜಾರದಲ್ಲಿ ನಿಲ್ಲಿಸಿ ಜನರಿಗೆ ತೋರಿಸತೊಡಗಿದನು. ಆ ಸಣ್ಣ ಸಂಗ್ರಹವೇ ಬೆಳೆದು ಇಂದು ಆ ದೇಶದ ರಾಷ್ಟ್ರೀಯ ಮೋಟಾರು ಸಂಗ್ರಹಾಲಯವಾಗಿದೆ. ಬೆಂಜನ ಮೊತ್ತಮೊದಲ ಬಂಡಿಯನ್ನು ಜರ್ಮನಿಯ ಮ್ಯೂನಿಕ್ ನಗರದ ಡಾಯ್ಚಸ್ ಮ್ಯೂಸಿಯಂ ಕಾಪಾಡಿದೆ. ಭಾರತವೂ ಈ ದಿಸೆಯಲ್ಲಿ ಹಿಂದುಳಿದಿಲ್ಲ. ಹರಿಯಾಣದ ತಾವಡೂ ಎಂಬಲ್ಲಿ 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ, ಅಹಮದಾಬಾದಿನ ಬಳಿಯ ಆಟೊ ವರ್ಲ್ಡ್, ಕೊಯಮತ್ತೂರಿನ ಜೀಡೀ ಕಾರು ಸಂಗ್ರಹಾಲಯ ಇವು ಪ್ರಸಿದ್ಧವಾಗಿವೆ. ಕರ್ನಾಟಕದಲ್ಲಿ ಧರ್ಮಸ್ಥಳಕ್ಕೆ ಹೋದ ಯಾತ್ರಿಕರು ದೇವರ ದರ್ಶನದ ಬಳಿಕ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನೂ ನೋಡಿ ಬರುತ್ತಾರೆ. ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ‘ಪಯಣ’ ಎಂಬ ಕಾರು ಸಂಗ್ರಹಾಲಯವಿದೆ. ಇಂಥ ಕಡೆಗಳಲ್ಲಿ ಒಂದು ಗಂಟೆ ಸುತ್ತಾಡಿದ ವಿದ್ಯಾರ್ಥಿಗೆ ಕುದುರೆಗಾಡಿಯ ಆಕಾರ ಹೇಗೆ ಹೆಜ್ಜೆ ಹೆಜ್ಜೆಯಾಗಿ ಕಾರಿನ ಆಕಾರವಾಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಆದರೂ ಸಂಗ್ರಹಾಲಯ ತೋರಿಸಲಾರದ ಸಂಗತಿಗಳು ಹಲವಿವೆ. ‘ಮಾಡೆಲ್ ಟಿ’ ಕಾರನ್ನೇ ನೋಡಬಹುದು. ಇಂದಿನ ಕಾರನ್ನು ನಡೆಸಬಲ್ಲ ಚಾಲಕನನ್ನು ಅದರಲ್ಲಿ ಕೂಡಿಸಿದರೆ ಅವನು ಕಂಗಾಲಾಗುತ್ತಾನೆ. ಅದರ ವೇಗವನ್ನು ಹೆಚ್ಚಿಸುವುದು ಕಾಲಿನಿಂದಲ್ಲ, ಚುಕ್ಕಾಣಿಯ ಕೆಳಗಿರುವ ಒಂದು ಕೈಸನ್ನೆಯಿಂದ. ಎಡಗಾಲಿನ ಪೆಡಲನ್ನು ಒತ್ತಿ ಹಿಡಿದರೆ ನಿಧಾನದ ಗಿಯರು, ಬಿಟ್ಟರೆ ವೇಗದ ಗಿಯರು. ನಡುವಿನ ಪೆಡಲು ಹಿಂದಕ್ಕೆ ಹೋಗಲು, ಬಲಗಡೆಯದು ಬ್ರೇಕಿಗೆ. ಅದರ ಆರಂಭದ ವರ್ಷಗಳ ಕಾರುಗಳಲ್ಲಿ ಪೆಟ್ರೋಲಿನ ಟ್ಯಾಂಕಿ ಸೀಟಿನ ಕೆಳಗಿತ್ತು. ಅಲ್ಲಿಂದ ಇಂಧನ ತನ್ನ ಭಾರದಿಂದಲೇ ಇಳಿದು ಎಂಜಿನನ್ನು ಸೇರಬೇಕಾಗಿತ್ತು. ಕಡಿದಾದ ಏರಿನಲ್ಲಿ ಎಂಜಿನು ಟ್ಯಾಂಕಿಗಿಂತ ಎತ್ತರಕ್ಕೆ ಬಂದು ಪೆಟ್ರೋಲಿನ ಹರಿವು ನಿಲ್ಲುತ್ತಿತ್ತು. ಆಗ ಅನುಭವಿ ಚಾಲಕರು ಕಾರನ್ನು ತಿರುಗಿಸಿ, ಹಿಮ್ಮುಖವಾಗಿ ಗುಡ್ಡ ಹತ್ತಿಸುತ್ತಿದ್ದರು. ನಿಂತ ಕಾರಿನ ಮುಂದೆ ಎಷ್ಟು ಹೊತ್ತು ನಿಂತರೂ ಈ ಸಂಗತಿ ಹೊಳೆಯುವುದಿಲ್ಲ. ಕೈಯಿಂದ ತಿರುಗಿಸಿ ಎಂಜಿನು ಚಾಲೂ ಮಾಡುವ ಹಿಡಿಯನ್ನು ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು. ಹಿಡಿಯನ್ನು ಹೆಬ್ಬೆರಳಿನಿಂದ ಸುತ್ತಿ ಹಿಡಿದರೆ, ಎಂಜಿನು ಹಿಂದಕ್ಕೆ ಒದ್ದಾಗ ಬೆರಳು ಮುರಿದೀತು. ಇಂಥ ತಿಳಿವಳಿಕೆ ಉಳಿಯುವುದು ಬಳಸುವವರ ಕೈಗಳಲ್ಲಿ. ಬಳಕೆ ನಿಂತರೆ ಕಾರು ಉಳಿದರೂ ಅದರ ವಿದ್ಯೆ ಅಳಿಯುತ್ತದೆ.

ಈ ಮಾತನ್ನು ಕನ್ನಡ ನಾಡಿನ ಜನರಿಗೆ ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ. ಊರ ತೇರು ವರ್ಷದ ಬಹುಕಾಲ ತನ್ನ ಮನೆಯಲ್ಲಿ ನಿಂತಿರುತ್ತದೆ. ಜಾತ್ರೆಯ ದಿನ ಹತ್ತಿರ ಬಂದಂತೆ ಬಡಗಿ ಅದರ ಗಾಲಿಗಳನ್ನು ತಟ್ಟಿ ನೋಡುತ್ತಾನೆ. ಕಮ್ಮಾರ ಅಚ್ಚನ್ನೂ ಪಟ್ಟಿಗಳನ್ನೂ ಸರಿಪಡಿಸುತ್ತಾನೆ. ಮಿಣಿಯ ಹಗ್ಗ ಹೊಸದಾಗುತ್ತದೆ. ಗಾಲಿಗೆ ಮರದ ಸನ್ನೆ ಕೊಟ್ಟು ತೇರನ್ನು ತಿರುಗಿಸುವ ಕೌಶಲವನ್ನು ಹಿರಿಯರಿಂದ ಕಿರಿಯರು ಕಲಿಯುತ್ತಾರೆ. ಒಂದು ವರ್ಷ ತೇರು ಎಳೆಯದಿದ್ದರೆ ಊರಿಗೆ ಅದು ದೊಡ್ಡ ಕೊರತೆ. ಎಳೆಯುವುದರಿಂದ ಮರ ಸವೆಯುತ್ತದೆ, ನಿಜ. ಆದರೆ ಎಳೆಯುವುದರಿಂದಲೇ ತೇರನ್ನು ಬಲ್ಲವರು ತಲೆಮಾರಿನಿಂದ ತಲೆಮಾರಿಗೆ ಹುಟ್ಟುತ್ತಾರೆ. ಹಳೆಯ ಕಾರಿನ ಪಯಣಗಳ ಹಿಂದೆಯೂ ಇದೇ ತತ್ತ್ವವಿದೆ. ಬಹುಕಾಲ ನಿಂತ ಕಾರಿನ ರಬ್ಬರು ಗಡುಸಾಗುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಎಣ್ಣೆ ಜಾರಿಹೋದ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಯುತ್ತದೆ. ಹದವಾಗಿ ಓಡಿಸುವುದು ಯಂತ್ರಕ್ಕೂ ಹಿತ.

ಇಂಥ ಪಯಣಗಳಲ್ಲಿ ಬಹಳ ಹೆಸರಾದದ್ದು ಇಂಗ್ಲೆಂಡಿನ ಲಂಡನ್–ಬ್ರೈಟನ್ ಓಟ. 1865ರ ಒಂದು ಕಾನೂನು ಅಲ್ಲಿನ ಯಂತ್ರವಾಹನಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಪಟ್ಟಣದಲ್ಲಿ 2 ಮೈಲಿ ಮಾತ್ರ ವೇಗವನ್ನು ವಿಧಿಸಿತ್ತು. ವಾಹನದ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಬಾವುಟದ ಕಟ್ಟಳೆ ಮೊದಲು ಸಡಿಲಗೊಂಡಿತು. 1896ರಲ್ಲಿ ವೇಗದ ಮಿತಿಯೂ ಏರಿತು. ಆ ಸಂತೋಷಕ್ಕಾಗಿ ಅದೇ ವರ್ಷದ ನವೆಂಬರ್ 14ರಂದು ಮೋಟಾರುಪ್ರಿಯರು ಲಂಡನ್ನಿನಿಂದ ಕಡಲತೀರದ ಬ್ರೈಟನ್ ಪಟ್ಟಣಕ್ಕೆ ಕಾರುಗಳನ್ನು ಓಡಿಸಿದರು. 1927ರಲ್ಲಿ ಆ ಓಟವನ್ನು ನೆನಪಿಗಾಗಿ ಮತ್ತೆ ನಡೆಸಿದರು. ಈಗ ನವೆಂಬರಿನ ಮೊದಲ ಭಾನುವಾರ, 1905ಕ್ಕಿಂತ ಹಿಂದೆ ತಯಾರಾದ ನೂರಾರು ಕಾರುಗಳು ಮುಂಜಾನೆಯ ಚಳಿಯಲ್ಲಿ ಹೊಗೆಯುಗುಳುತ್ತ ಹೊರಡುತ್ತವೆ. ಇದು ಪಂದ್ಯವಲ್ಲ, ಗುರಿ ಮುಟ್ಟುವುದೇ ಗೆಲವು. ಭಾರತದಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಹಳೆಯ ಕಾರುಗಳ ರ‍್ಯಾಲಿ ಈ ಬಗೆಯ ಸಂಪ್ರದಾಯಕ್ಕೆ ತಳಹದಿ ಹಾಕಿತು. ಜಗತ್ತಿನ ಹಳೆಯ ವಾಹನಗಳ ಸಂಘಗಳ ಒಕ್ಕೂಟವೊಂದು 1966ರಿಂದ ಇದೆ. ಅದು 2012ರಲ್ಲಿ ಅಂಗೀಕರಿಸಿದ ‘ಟ್ಯೂರಿನ್ ಸನ್ನದು’ ಹಳೆಯ ವಾಹನಗಳನ್ನು ಕಾಪಾಡುವುದರ ಜೊತೆಗೆ ಅವುಗಳನ್ನು ಓಡಿಸುವುದೂ ಪರಂಪರೆಯ ರಕ್ಷಣೆಯ ಭಾಗವೆಂದು ಸಾರಿತು.

ಓಡಬೇಕಾದರೆ ಇಂಧನ ಬೇಕು. ಕಾರಿನ ದೂರಪ್ರಯಾಣದ ಕಥೆ ಮೊದಲ ದಿನದಿಂದಲೂ ಇಂಧನ ಹುಡುಕಿದ ಕಥೆಯೇ ಆಗಿದೆ. 1888ರ ಆಗಸ್ಟ್ ತಿಂಗಳಿನಲ್ಲಿ ಕಾರ್ಲ್ ಬೆಂಜನ ಹೆಂಡತಿ ಬರ್ಥಾ ಬೆಂಜ್, ಗಂಡನಿಗೂ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮ್ಯಾನ್‌ಹೈಮ್ ಊರಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ತನ್ನ ತವರೂರಿಗೆ ಕಾರಿನಲ್ಲಿ ಹೊರಟಳು. ಗಂಡನ ಯಂತ್ರ ಕೆಲಸಕ್ಕೆ ಬರುವಂಥದು ಎಂದು ಲೋಕಕ್ಕೆ ತೋರಿಸುವುದು ಆಕೆಯ ಉದ್ದೇಶವಾಗಿತ್ತು. ದಾರಿಯಲ್ಲಿ ಇಂಧನ ಮುಗಿಯುತ್ತ ಬಂದಿತು. ಪೆಟ್ರೋಲು ಬಂಕು ಎಂಬುದು ಇನ್ನೂ ಹುಟ್ಟದಿದ್ದ ಕಾಲ. ವೀಸ್ಲೊಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಆಕೆ ಕಾರಿಗೆ ತುಂಬಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸುವ ಸೂಜಿಯಿಂದ ಅದನ್ನು ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊದಿಸಿಕೊಂಡಳು. ಏರು ಬಂದಾಗ ಕಾರನ್ನು ತಳ್ಳಬೇಕಾಯಿತು. ಆಕೆ ಊರಿಗೆ ಮರಳಿ ಹೇಳಿದ ಅನುಭವದಿಂದ ಆ ಯಂತ್ರ ಸುಧಾರಿಸಿತು. ಕಾರ್ಖಾನೆಯಲ್ಲಿ ನಿಂತ ಕಾರು ಕಲಿಸಲಾರದ್ದನ್ನು ಒಂದು ಪಯಣ ಕಲಿಸಿತು.

1907ರಲ್ಲಿ ಚೀನದ ಪೀಕಿಂಗಿನಿಂದ ಪ್ಯಾರಿಸಿಗೆ ಐದು ವಾಹನಗಳು ಹೊರಟವು. ಗೋಬಿ ಮರುಭೂಮಿಯ ದಾರಿಗೆ ಬೇಕಾದ ಪೆಟ್ರೋಲನ್ನು ಒಂಟೆಗಳ ಮೇಲೆ ಹೇರಿ ಮುಂದಾಗಿ ಕಳುಹಿಸಿದ್ದರು. ಇಟಲಿಯ ರಾಜಕುಮಾರ ಬೋರ್ಗೀಸೆಯ ‘ಇಟಾಲ’ ಕಾರು ಎರಡು ತಿಂಗಳಲ್ಲಿ ಮೊದಲನೆಯದಾಗಿ ಗುರಿ ಮುಟ್ಟಿತು. ದಾರಿಯಲ್ಲಿ ಅದರ ಚಕ್ರ ಮುರಿದಾಗ ರಷ್ಯದ ಹಳ್ಳಿಯ ಒಬ್ಬ ಬಡಗಿ ಹೊಸ ಚಕ್ರ ಮಾಡಿಕೊಟ್ಟನು. ಆ ಕಾರು ಇಂದು ಟ್ಯೂರಿನ್ ನಗರದ ಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. ಆಗ ದಕ್ಷಿಣ ಭಾರತದ ಅನೇಕ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಅನಿಲದಿಂದ ಏದುಸಿರು ಬಿಡುತ್ತ ಓಡಿದವು. ಇಂಧನ ಬದಲಾದಾಗಲೆಲ್ಲ ಮನುಷ್ಯನ ಬುದ್ಧಿ ಒಂದು ಉಪಾಯವನ್ನು ಕಂಡುಕೊಂಡಿದೆ. ಈಗಿನ ಸಮಸ್ಯೆಯನ್ನು ನೋಡುವಾಗಲೂ ಈ ಇತಿಹಾಸವನ್ನು ಮರೆಯಬಾರದು.

ಇಪ್ಪತ್ತನೆಯ ಶತಮಾನದ ಪೆಟ್ರೋಲಿನ ಕಥೆಯಲ್ಲಿ ಸೀಸದ ಪ್ರಕರಣ ಬಹಳ ಮುಖ್ಯವಾದುದು. ಎಂಜಿನಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಅಕಾಲದಲ್ಲಿ ಸಿಡಿದು ಟಕಟಕ ಸದ್ದು ಮಾಡುವ ದೋಷವಿತ್ತು. ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಸ್ವಲ್ಪ ಬೆರೆಸಿದರೆ ಆ ದೋಷ ನಿಲ್ಲುತ್ತದೆಂದು ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದನು. 1923ರಿಂದ ಅಂಥ ಪೆಟ್ರೋಲು ಮಾರಾಟಕ್ಕೆ ಬಂದಿತು. ಮರುವರ್ಷವೇ ಅಮೆರಿಕದಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಕೆಲವರು ಸೀಸದ ವಿಷದಿಂದ ಬುದ್ಧಿ ಕೆಟ್ಟು ಸತ್ತರು. ಆದರೂ ಲೋಕ ಎಚ್ಚೆತ್ತುಕೊಳ್ಳಲು ಹಲವು ದಶಕಗಳೇ ಬೇಕಾದವು. ಹೊಗೆಯಲ್ಲಿ ಸೇರಿ ಬರುವ ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ ಎಂಬುದು ದೃಢವಾದ ಮೇಲೆ ಒಂದೊಂದೇ ದೇಶ ಅದನ್ನು ಕೈಬಿಟ್ಟಿತು. ಭಾರತದ ಮಹಾನಗರಗಳಲ್ಲಿ 1995ರಲ್ಲಿ ಸೀಸರಹಿತ ಪೆಟ್ರೋಲು ದೊರೆಯತೊಡಗಿತು. 2000ದಲ್ಲಿ ದೇಶವೆಲ್ಲ ಸೀಸದಿಂದ ಮುಕ್ತವಾಯಿತು. ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ಕಾರುಗಳಿಗೆ ಅದರ ಮಾರಾಟವನ್ನು ನಿಲ್ಲಿಸಿತು.

ಸೀಸ ಹೋದಾಗ ಹಳೆಯ ಕಾರುಗಳ ಒಡೆಯರು ಚಿಂತೆಗೊಳಗಾದರು. ಅದಕ್ಕೆ ಕಾರಣವೂ ಇತ್ತು. ಕವಾಟಗಳು ಬಡಿದು ಕೂರುವ ಜಾಗಕ್ಕೆ ಸೀಸದ ತೆಳುವಾದ ಲೇಪ ರಕ್ಷಣೆ ಕೊಡುತ್ತಿತ್ತು. ಆ ಲೇಪವಿಲ್ಲದೆ, ವೇಗವಾಗಿ ಬಹಳ ದೂರ ಓಡಿಸಿದಾಗ, ಮೆದು ಲೋಹದ ಆ ಜಾಗ ಸವೆಯಬಹುದು. ಕುಶಲಿಗಳು ಅಲ್ಲಿ ಗಟ್ಟಿ ಲೋಹದ ಬಳೆಗಳನ್ನು ಕೂಡಿಸಿ ಪರಿಹಾರ ಕಂಡುಕೊಂಡರು. ಇನ್ನೂ ಒಂದು ಸಂಗತಿ ಗಮನಾರ್ಹ: 1923ಕ್ಕಿಂತ ಹಿಂದಿನ ಕಾರುಗಳು ಹುಟ್ಟಿದ್ದೇ ಸೀಸವಿಲ್ಲದ ಪೆಟ್ರೋಲಿನ ಕಾಲದಲ್ಲಿ. ಹೀಗಾಗಿ ಸೀಸದ ನಿಷೇಧದಿಂದ ಹಳೆಯ ಕಾರುಗಳು ನಾಶವಾಗಲಿಲ್ಲ. ಒಂದು ವೇಳೆ ನಾಶವಾಗುತ್ತಿದ್ದರೂ ಆ ನಿಷೇಧವನ್ನು ತಪ್ಪೆನ್ನಲಾಗುತ್ತಿರಲಿಲ್ಲ. ಒಂದು ಮಗುವಿನ ಬುದ್ಧಿಶಕ್ತಿಯ ಮುಂದೆ ಎಷ್ಟೇ ಚೆಂದದ ಕಾರಾದರೂ ಹಗುರವೇ. ಪರಂಪರೆಯ ಹೆಸರಿನಲ್ಲಿ ಜೀವಕ್ಕೆ ಕೇಡು ತರುವ ಹಕ್ಕು ಯಾರಿಗೂ ಇಲ್ಲ. ಈ ವಿಷಯದಲ್ಲಿ ರಾಜಿಗೆ ಎಡೆಯಿಲ್ಲ.

ಈಗ ಎದ್ದಿರುವ ಎಥನಾಲಿನ ಪ್ರಶ್ನೆ ಬೇರೆ ಬಗೆಯದು. ಎಥನಾಲ್ ಎಂದರೆ ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿ ಮೊದಲಾದವುಗಳಿಂದ ತಯಾರಾಗುವ ಮದ್ಯಸಾರ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಪೆಟ್ರೋಲಿಗೆ ಎಥನಾಲ್ ಬೆರೆಸಿದರೆ ಆ ವೆಚ್ಚ ಇಳಿಯುತ್ತದೆ, ಮಂಡ್ಯ, ಬೆಳಗಾವಿ, ಬಾಗಲಕೋಟೆಗಳಂಥ ಜಿಲ್ಲೆಗಳ ಕಬ್ಬಿಗೆ ಇನ್ನೊಂದು ಮಾರುಕಟ್ಟೆ ದೊರೆಯುತ್ತದೆ ಎಂಬುದು ಸರ್ಕಾರದ ವಾದ. 2022ರಲ್ಲಿ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 10ರಷ್ಟು ಎಥನಾಲ್ ಬೆರೆಯಿತು. ನೂರಕ್ಕೆ 20ರಷ್ಟು ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭವೊಂದರಲ್ಲಿ ಬಿಡುಗಡೆ ಮಾಡಲಾಯಿತು. 2030ಕ್ಕೆಂದು ಮೊದಲು ಇಟ್ಟುಕೊಂಡಿದ್ದ ಆ ಗುರಿಯನ್ನು 2025ರಲ್ಲಿಯೇ ಮುಟ್ಟಲಾಯಿತು. ಈ ಹಾದಿ ಭಾರತವೊಂದರದೇ ಅಲ್ಲ. ಬ್ರೆಜಿಲ್ ದೇಶ 1975ರಲ್ಲಿಯೇ ಎಥನಾಲಿನ ದೊಡ್ಡ ಯೋಜನೆಯನ್ನು ಕೈಗೊಂಡಿತ್ತು.

ಆ ಮಿಶ್ರಣಕ್ಕೆ ತಕ್ಕಂತೆ ನಿರ್ಮಿಸಿದ ಹೊಸ ಕಾರಿಗೆ ಇದರಿಂದ ತೊಂದರೆಯಿಲ್ಲ. ಹಳೆಯ ಕಾರಿಗೆ ಮಾತ್ರ ಹಲವು ಕಷ್ಟಗಳಿವೆ. ಮೊದಲನೆಯದು, ಮದ್ಯಸಾರ ಒಳ್ಳೆಯ ದ್ರಾವಕ. ಬಡಗಿಗಳು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮರಕ್ಕೆ ಹೊಳಪು ಕೊಡುವುದನ್ನು ಎಲ್ಲರೂ ಕಂಡಿದ್ದಾರೆ. ಅನೇಕ ಹಳೆಯ ಕಾರುಗಳ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವ ಬೆಂಡಿನ ತುಂಡಿಗೆ ಇದೇ ಅರಗನ್ನು ಬಳಿದಿರುತ್ತಾರೆ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅರಗು ಕರಗಿ, ಬೆಂಡು ನೆನೆದು ಮುಳುಗುತ್ತದೆ. ಪೆಟ್ರೋಲು ಉಕ್ಕಿ ಹರಿಯುತ್ತದೆ. ಹಳೆಯ ಬಗೆಯ ರಬ್ಬರು ಕೊಳವೆಗಳು ಉಬ್ಬಿ ಬಿರಿಯುತ್ತವೆ. ಬಿಸಿ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬೆಂಕಿಯ ಅಪಾಯವುಂಟು. ಎರಡನೆಯದು, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ, ಬಹುದಿನ ನಿಂತ ಕಾರಿನ ಟ್ಯಾಂಕಿಯಲ್ಲಿ ನೀರು ಸೇರುತ್ತದೆ. ಅದು ಮಿತಿ ಮೀರಿದಾಗ ನೀರೂ ಮದ್ಯಸಾರವೂ ಒಂದಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನಿಗೆ ಹೋಗುವ ಕೊಳವೆ ಹೀರುವುದು ಆ ತಳದಿಂದಲೇ. ತಳದಲ್ಲಿ ತುಕ್ಕು ಹುಟ್ಟುವುದೂ ಹೀಗೆಯೇ.

ಮೂರನೆಯ ಕಷ್ಟ ಲೆಕ್ಕದ್ದು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಒಂದು ಲೀಟರು ಎಥನಾಲಿನಲ್ಲಿರುವುದು ಸುಮಾರು 21. ಆದುದರಿಂದ ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಲೀಟರಿನಲ್ಲಿ ಶಕ್ತಿ ನೂರಕ್ಕೆ ಏಳರಷ್ಟು ಕಡಿಮೆಯಾಗುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಸಾಕು. ಹೊಸ ಕಾರಿನ ಯಂತ್ರ ಈ ವ್ಯತ್ಯಾಸವನ್ನು ತಾನೇ ಅಳೆದು ಇಂಧನವನ್ನು ಸರಿಹೊಂದಿಸಿಕೊಳ್ಳುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ಆ ಬುದ್ಧಿಯಿಲ್ಲ. ಹಿಂದಿನ ಅಳತೆಯ ಗಾಳಿಯನ್ನೇ ಅದು ಎಳೆದುಕೊಳ್ಳುವುದರಿಂದ ಮಿಶ್ರಣ ತೆಳುವಾಗುತ್ತದೆ, ಎಂಜಿನು ಕಾಯುತ್ತದೆ. ಊರೊಳಗಿನ ಮೆರವಣಿಗೆಯಲ್ಲಿ ಇದು ತಿಳಿಯದೆ ಹೋಗಬಹುದು; ಘಟ್ಟದ ಏರಿನಲ್ಲಿ, ಬೇಸಗೆಯ ದೂರ ಪಯಣದಲ್ಲಿ ತಿಳಿಯದೆ ಇರುವುದಿಲ್ಲ.

ಈ ವಿಷಯದಲ್ಲಿ ಎರಡು ಅತಿರೇಕದ ಅಭಿಪ್ರಾಯಗಳು ಕೇಳಿಬರುತ್ತವೆ. ಹಳೆಯ ಕಾರುಗಳ ಅಭಿಮಾನಿಗಳಲ್ಲಿ ಕೆಲವರು ಎಥನಾಲನ್ನೇ ಹಾಳು ಪದಾರ್ಥವೆಂದು ಜರೆಯುತ್ತಾರೆ. ಕೋಟ್ಯಂತರ ಜನ ದಿನವೂ ಬಳಸುವ ಇಂಧನದ ನೀತಿಯನ್ನು ಕೆಲವು ಸಾವಿರ ಹಳೆಯ ಕಾರುಗಳಿಗಾಗಿ ಬದಲಿಸಬೇಕೆನ್ನುವುದು ವಿವೇಕವಲ್ಲ. ಇನ್ನೊಂದು ಪಕ್ಷದವರು, ಹಳೆಯ ಕಾರು ಸಿರಿವಂತರ ಚಟ, ಹೊಗೆಯುಗುಳುವ ಆಟಿಕೆ, ಅದು ಸಂಗ್ರಹಾಲಯದಲ್ಲಿಯೇ ಇರಲಿ ಎನ್ನುತ್ತಾರೆ. ಈ ಮಾತಿನಲ್ಲಿಯೂ ಸತ್ಯಾಂಶವಿದೆ. ಉಳಿದ ಕಾರುಗಳಲ್ಲಿ ಅನೇಕವು ರಾಜಮಹಾರಾಜರ ವೈಭವಕ್ಕಾಗಿ ಬಂದವು; ಇಂದೂ ಅವುಗಳನ್ನು ಇಟ್ಟುಕೊಳ್ಳುವುದು ಎಲ್ಲರಿಗೂ ಎಟಕುವ ಮಾತಲ್ಲ. ಅವುಗಳ ಹೊಗೆಯನ್ನು ಶುದ್ಧಗೊಳಿಸುವ ಉಪಕರಣವೂ ಅವುಗಳಲ್ಲಿಲ್ಲ. ಆದರೆ ಅವು ರಸ್ತೆಗೆ ಬರುವುದು ವರ್ಷದಲ್ಲಿ ಕೆಲವು ದಿನ. ಕಾನೂನು ಕೂಡ ಅದಕ್ಕಿಂತ ಹೆಚ್ಚಿನ ಅವಕಾಶ ಕೊಟ್ಟಿಲ್ಲ. ಕಾರಿನ ಒಡೆತನ ಒಬ್ಬನದಾದರೂ ಅದನ್ನು ಉಳಿಸಿದ ವಿದ್ಯೆ ಬಡ ಮೆಕ್ಯಾನಿಕನದು, ತಗಡು ಬಡಿಯುವವನದು, ಮರಗೆಲಸದವನದು. ಸಿಗದ ಬಿಡಿಭಾಗವನ್ನು ಕಣ್ಣಳತೆಯಿಂದ ಲೇತಿನಲ್ಲಿ ಕಡೆದು ಕೊಡುವ ಕುಶಲಿಗಳು ಊರೂರಿನಲ್ಲಿದ್ದರು. ಕಾರು ಶಾಶ್ವತವಾಗಿ ನಿಂತ ದಿನ ಅವರ ಕೆಲಸವೂ ನಿಲ್ಲುತ್ತದೆ.

ಆದ್ದರಿಂದ ನಡುದಾರಿಯೊಂದನ್ನು ಹುಡುಕಬೇಕು. ಬ್ರಿಟನ್ನಿನ ಉದಾಹರಣೆ ಇಲ್ಲಿ ಉಪಯುಕ್ತ. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ನೂರಕ್ಕೆ 10ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲು ಸಾಮಾನ್ಯ ಇಂಧನವಾಯಿತು. ಆದರೆ ನೂರಕ್ಕೆ 5ನ್ನು ಮೀರದ ಹಿಂದಿನ ಬಗೆಯನ್ನು ಹೆಚ್ಚು ಬೆಲೆಯ ಉನ್ನತ ದರ್ಜೆಯ ಪೆಟ್ರೋಲಾಗಿ, ಹಳೆಯ ವಾಹನಗಳಿಗೋಸ್ಕರ, ಉಳಿಸಿಕೊಂಡರು. ದೇಶದ ನೀತಿಯೂ ನಡೆಯಿತು, ಹಳೆಯ ಕಾರುಗಳೂ ಓಡಿದವು. ಭಾರತದಲ್ಲಿ ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಗೆ ಇಡಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ದೇಶದ ಎಲ್ಲ ಬಂಕುಗಳಲ್ಲಿಯೂ ಎರಡು ಬಗೆಯ ಇಂಧನ ಮಾರುವುದು ಸುಲಭವಲ್ಲ, ನಿಜ. ಆದರೆ ‘ವಿಎ’ ಸಂಖ್ಯೆಯ ನೋಂದಣಿಯಿರುವ ವಾಹನಗಳ ಪಟ್ಟಿ ಸರ್ಕಾರದ ಬಳಿಯೇ ಇರುತ್ತದೆ. ರಾಜ್ಯದ ಒಂದೆರಡು ನಗರಗಳಲ್ಲಿ, ಇಲ್ಲವೆ ದೊಡ್ಡ ಸಂಗ್ರಹಾಲಯಗಳ ಬಳಿಯಲ್ಲಿ, ಅಂಥ ವಾಹನಗಳಿಗೆ ಮಾತ್ರ, ತಗಲುವ ಪೂರ್ತಿ ಬೆಲೆ ಪಡೆದು ಎಥನಾಲ್ ಇಲ್ಲದ ಪೆಟ್ರೋಲನ್ನು ಕೊಡುವ ಏರ್ಪಾಟು ಮಾಡಿದರೆ ಯಾರಿಗೂ ನಷ್ಟವಿಲ್ಲ. ಇದು ರಿಯಾಯಿತಿಯ ಬೇಡಿಕೆಯಲ್ಲ. ಬೆಲೆ ತೆತ್ತು ಪಡೆಯುವ ಅನುಕೂಲ.

ಹಕ್ಕು ಕೇಳುವವರಿಗೆ ಕರ್ತವ್ಯವೂ ಇದೆ. ಕಾರಿನ ಒಡೆಯರು ಎಥನಾಲನ್ನು ತಾಳುವ ಹೊಸ ಬಗೆಯ ಕೊಳವೆಗಳನ್ನು ಹಾಕಿಸಿಕೊಳ್ಳಬೇಕು. ಅರಗು ಬಳಿದ ಬೆಂಡಿನ ಬದಲು ಹಿತ್ತಾಳೆಯದನ್ನು ಜೋಡಿಸಬಹುದು. ಕಾರನ್ನು ಬಹುಕಾಲ ನಿಲ್ಲಿಸುವ ಮುನ್ನ ಟ್ಯಾಂಕಿಯನ್ನು ಬರಿದು ಮಾಡಬೇಕು. ಇಂಥ ಸಣ್ಣ ಬದಲಾವಣೆಯಿಂದ ಕಾರಿನ ಮೂಲರೂಪ ಕೆಡುವುದಿಲ್ಲ. ತೇರಿನ ಹಗ್ಗ ಹೊಸದಾದ ಮಾತ್ರಕ್ಕೆ ತೇರು ಬೇರೆಯಾಗುವುದಿಲ್ಲವಷ್ಟೆ. ಕಾರನ್ನು ಬೀಗದೊಳಗಿಟ್ಟು ತಾವೊಬ್ಬರೇ ನೋಡಿ ಸಂತೋಷಪಡುವ ಬದಲು ಶಾಲೆಯ ಮಕ್ಕಳಿಗೆ ತೋರಿಸಿ ವಿವರಿಸುವ ಔದಾರ್ಯವೂ ಅವರಿಗೆ ಬೇಕು. ಸಂಗ್ರಹಾಲಯಗಳು ಸಹ ತಮ್ಮ ಅತಿ ಅಪೂರ್ವವಾದ, ಮತ್ತೊಂದಿಲ್ಲದ ಕಾರುಗಳನ್ನು ನಿಲ್ಲಿಸಿಯೇ ಕಾಪಾಡಲಿ. ಉಳಿದವುಗಳಲ್ಲಿ ಕೆಲವನ್ನಾದರೂ ಓಡುವ ಸ್ಥಿತಿಯಲ್ಲಿಟ್ಟು, ವರ್ಷಕ್ಕೊಮ್ಮೆ ಜನರ ಮುಂದೆ ಚಾಲೂ ಮಾಡಲಿ. ಕೈಗಾರಿಕಾ ತರಬೇತಿ ಸಂಸ್ಥೆಗಳ ವಿದ್ಯಾರ್ಥಿಗಳು ಅಲ್ಲಿನ ಹಿರಿಯ ಮೆಕ್ಯಾನಿಕರ ಬಳಿ ಕೆಲವು ತಿಂಗಳು ಕಲಿಯುವಂತಾದರೆ ಆ ವಿದ್ಯೆ ಮುಂದಿನ ತಲೆಮಾರಿಗೆ ದಾಟುತ್ತದೆ.

ಈ ಪ್ರಶ್ನೆ ಇಂದಿಗೆ ಮುಗಿಯುವಂಥದಲ್ಲ. ವಿದ್ಯುತ್ತಿನಿಂದ ಓಡುವ ಕಾರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಪೆಟ್ರೋಲು ಕಾರೆಂಬುದೇ ಒಂದು ದಿನ ಹಳೆಯ ವಸ್ತುವಾದೀತು. 2025ರಲ್ಲಿ ಹೊಸದಾಗಿ ನೋಂದಣಿಯಾದ ಕಾರಿಗೆ 2075ರಲ್ಲಿ 50 ವರ್ಷ ತುಂಬುತ್ತದೆ. ಈಗಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಆಗ ಅಜ್ಜ ಅಜ್ಜಿಯರಾಗಿರುತ್ತಾರೆ. ತಾವು ಚಿಕ್ಕವರಾಗಿದ್ದಾಗ ಓಡಾಡಿದ ಕಾರನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂಬ ಆಸೆ ಅವರಲ್ಲಿ ಯಾರಿಗಾದರೂ ಹುಟ್ಟಿದರೆ, ಅದರ ಟ್ಯಾಂಕಿಗೆ ಹಾಕಲು ಒಂದು ಲೀಟರು ಸರಿಯಾದ ಇಂಧನವೂ, ಅದನ್ನು ಚಾಲೂ ಮಾಡಬಲ್ಲ ಒಬ್ಬ ಕುಶಲಿಯೂ ಇರಬೇಕಲ್ಲವೆ? ಅವು ಇರುತ್ತವೆಯೋ ಇಲ್ಲವೋ ಎಂಬುದು ಇಂದಿನ ಹಳೆಯ ಕಾರುಗಳ ವಿಷಯದಲ್ಲಿ ಸಮಾಜ ಕೈಗೊಳ್ಳುವ ತೀರ್ಮಾನವನ್ನು ಅವಲಂಬಿಸಿದೆ.